ನಡುಹಗಲಿನ ಹೆಚ್ಚುವರಿ ವಿದ್ಯುತ್ತನ್ನು ಮನೆಯೊಳಗೇ ಹಿಡಿದಿಟ್ಟುಕೊಂಡದ್ದು: ಒಂದು ಸೌರ ವ್ಯವಸ್ಥೆಯ ದುರಸ್ತಿಯ ದಾಖಲೆ

ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ, ಬಿಸಿಲು ಅತ್ಯಂತ ಪ್ರಖರವಾಗಿರುವ ಹೊತ್ತಿನಲ್ಲೇ, ಸೌರಫಲಕಗಳ ವಿದ್ಯುತ್ತನ್ನು ಮನೆಗೂ ಲೈನಿಗೂ ಹೊಂದುವ ಎಸಿ ವಿದ್ಯುತ್ತಾಗಿಸುವ ನಮ್ಮ ಮನೆಯ 5 ಕಿಲೋವಾಟ್ ಸೌರ ಇನ್ವರ್ಟರ್ ಪದೇ ಪದೇ ನಿಂತುಹೋಗುತ್ತಿತ್ತು. ಗ್ರಿಡ್ (ಹೊರಗಿನ ವಿದ್ಯುತ್ ಜಾಲ) ವೋಲ್ಟೇಜ್ ಮಿತಿ ಮೀರಿದೆ ಎಂಬ ಸೂಚನೆ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಕೆಲವು ನಿಮಿಷ ಕಾದು ಇನ್ವರ್ಟರ್ ತಾನಾಗಿಯೇ ಮತ್ತೆ ಚಾಲೂ ಆಗುತ್ತಿತ್ತು, ಕಾಲು ಗಂಟೆಯೊಳಗೆ ಮತ್ತೆ ನಿಲ್ಲುತ್ತಿತ್ತು. ದೋಷವೆಲ್ಲ ಹೊರಗಿನ ಲೈನಿನದು ಎಂದೇ ನಾನು ಮೊದಲು ನಂಬಿದ್ದೆ. ಅಳತೆ ಮಾಡಿ ನೋಡಿದಾಗ ಅದರ ದೊಡ್ಡ ಪಾಲು ನಮ್ಮ ಮನೆಯ ಗೋಡೆಯ ಮೇಲೆಯೇ ಇತ್ತು.

ನಾಮಾಂಕಿತ ವೋಲ್ಟೇಜ್ 230 ಇರುವ ಜಾಲದಲ್ಲಿ ಶೇಕಡ ಹತ್ತರ ಮೇಲ್ಮಿತಿ ಎಂದರೆ 253 ವೋಲ್ಟ್. ನಮ್ಮ ಇನ್ವರ್ಟರ್‌ನ ಸಂರಚನೆಯಲ್ಲಿ ಹತ್ತು ನಿಮಿಷಗಳ ಸರಾಸರಿ ಈ ಅಂಕಿಯನ್ನು ದಾಟಿದರೆ ಅದು ಗ್ರಿಡ್‌ನಿಂದ ಬೇರ್ಪಡಬೇಕು ಎಂದಿದೆ. ಮೋಡವಿಲ್ಲದ ಒಂದು ಮಧ್ಯಾಹ್ನ, ಮನೆಯ ಉಪಕರಣಗಳನ್ನೆಲ್ಲ ಆರಿಸಿ, ಇನ್ವರ್ಟರ್ 20 ಆಂಪಿಯರ್ ಹೊರಹಾಕುತ್ತಿದ್ದಾಗ ಏಕಕಾಲಕ್ಕೆ ಎರಡು ಕಡೆ ಅಳೆದೆ: ಇನ್ವರ್ಟರ್ ಟರ್ಮಿನಲ್‌ನಲ್ಲಿ 255 ವೋಲ್ಟ್, ಮೀಟರ್ ಬಳಿ 247 ವೋಲ್ಟ್. ಇನ್ವರ್ಟರ್ ಕಾಣುತ್ತಿದ್ದ ‘ಗ್ರಿಡ್ ವೋಲ್ಟೇಜ್’ ವಾಸ್ತವವಾಗಿ ಗ್ರಿಡ್‌ನದಲ್ಲ. ಗ್ರಿಡ್‌ನ ವೋಲ್ಟೇಜಿಗೆ ನಮ್ಮದೇ ತಂತಿಯಲ್ಲಿ ಬಿದ್ದ 8 ವೋಲ್ಟ್ ಸೇರಿ ಆ ಅಂಕಿ ಬರುತ್ತಿತ್ತು. 20 ಆಂಪಿಯರಿಗೆ 8 ವೋಲ್ಟ್ ಎಂದರೆ ಹೋಗಿಬರುವ ದಾರಿಯ ಒಟ್ಟು ರೋಧ 0.4 ಓಮ್.

ಆದರೆ ತಂತಿಯ ಲೆಕ್ಕ ಅಷ್ಟಕ್ಕೆ ಬರುವುದಿಲ್ಲ. ಇನ್ವರ್ಟರ್‌ನಿಂದ ಮೀಟರ್‌ವರೆಗೆ 28 ಮೀಟರ್ ಉದ್ದದ, 4 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ಕೇಬಲ್ ಇತ್ತು. ಫೇಸ್ ಮತ್ತು ನ್ಯೂಟ್ರಲ್ ಸೇರಿ 56 ಮೀಟರ್. ತಾಮ್ರದ ರೋಧಾಂಕ ಹಿಡಿದು ಲೆಕ್ಕ ಹಾಕಿದರೆ ಸುಮಾರು 0.24 ಓಮ್, ಅಂದರೆ 20 ಆಂಪಿಯರಿಗೆ ಐದು ವೋಲ್ಟಿಗಿಂತ ಸ್ವಲ್ಪ ಕಡಿಮೆ. ಉಳಿದ ಮೂರು ವೋಲ್ಟ್ ಎಲ್ಲೋ ಒಂದು ಜೋಡಣೆಯಲ್ಲಿ ಕಳೆದುಹೋಗುತ್ತಿತ್ತು.

ಇಂಥ ಜಾಗವನ್ನು ಹುಡುಕಲು ರೋಧ ಅಳೆಯುವುದಕ್ಕಿಂತ, ಪೂರ್ಣ ಹೊರೆ ಹರಿಯುತ್ತಿರುವಾಗ ಪ್ರತಿಯೊಂದು ಸ್ಕ್ರೂ ಜೋಡಣೆಯ ಆಚೆ ಈಚೆ ವೋಲ್ಟೇಜ್ ಅಳೆಯುವುದೇ ಉತ್ತಮ ವಿಧಾನ. ಒಳ್ಳೆಯ ಜೋಡಣೆಯಲ್ಲಿ ಅದು ಕೆಲವು ಹತ್ತು ಮಿಲಿವೋಲ್ಟ್‌ಗಳನ್ನು ಮೀರುವುದಿಲ್ಲ. ಇದು ಜೀವಂತ ವಿದ್ಯುತ್ ಇರುವಾಗ ಮಾಡುವ ಕೆಲಸವಾದ್ದರಿಂದ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಅಳೆದರು, ನಾನು ಬರೆದುಕೊಂಡೆ. ಎಂಸಿಬಿಯಲ್ಲಿ 25 ಮಿಲಿವೋಲ್ಟ್, ಮೀಟರ್ ಬಳಿಯ ಜೋಡಣೆಯಲ್ಲಿ 30, ಇನ್ವರ್ಟರ್ ಪಕ್ಕದ, ಲೈನನ್ನು ಕಡಿಯುವ ಸ್ವಿಚ್ ಆದ ಎಸಿ ಐಸೊಲೇಟರ್‌ನ ಫೇಸ್ ಕಡೆ 28, ಅದೇ ಐಸೊಲೇಟರ್‌ನ ನ್ಯೂಟ್ರಲ್ ಕಡೆ 3.1 ವೋಲ್ಟ್. ವಿದ್ಯುತ್ ಕಡಿದು ಮುಚ್ಚಳ ತೆಗೆದಾಗ ನ್ಯೂಟ್ರಲ್ ತಂತಿಯ ಹೊದಿಕೆ ಕಂದುಬಣ್ಣಕ್ಕೆ ತಿರುಗಿ ಬಿರುಕುಬಿಟ್ಟಿತ್ತು. ಮೂರು ವೋಲ್ಟ್‌ಗಳು 20 ಆಂಪಿಯರಿನಲ್ಲಿ ಅರವತ್ತು ವಾಟ್ ಶಾಖವಾಗುತ್ತವೆ; ಒಂದು ಸೋಲ್ಡರಿಂಗ್ ಐರನ್ ಅನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಪ್ರತಿ ಮಧ್ಯಾಹ್ನ ಕಾಯಲು ಬಿಟ್ಟ ಹಾಗೆ. ಇನ್ವರ್ಟರ್ ನಿಲ್ಲುತ್ತಿರಲಿಲ್ಲವಾದರೆ ನಾವು ಆ ಮುಚ್ಚಳವನ್ನು ತೆಗೆಯುತ್ತಲೇ ಇರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಎಳೆಎಳೆಯಾದ ತಾಮ್ರದ ತಂತಿಯನ್ನು ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತೋಳು) ಹಾಕದೆ ನೇರವಾಗಿ ಸ್ಕ್ರೂ ಕೆಳಗೆ ಸಿಕ್ಕಿಸಿದ್ದರು. ಹಗಲು ಕಾದು ರಾತ್ರಿ ತಣಿಯುವ ಕ್ರಮದಲ್ಲಿ ಎಳೆಗಳು ಸರಿದು ಹಿಡಿತ ಸಡಿಲವಾಗಿದೆ, ಸಡಿಲವಾದಷ್ಟೂ ಕಾವು ಹೆಚ್ಚಿದೆ. ಐಸೊಲೇಟರ್ ಅನ್ನೇ ಬದಲಿಸಿ, ಕೇಬಲ್ ಅನ್ನು 10 ಚದರ ಮಿಲಿಮೀಟರಿಗೆ ಏರಿಸಿ, ಪ್ರತಿ ತುದಿಗೂ ಫೆರೂಲ್ ಒತ್ತಿ, ಟಾರ್ಕ್ ಸ್ಕ್ರೂಡ್ರೈವರ್‌ನಿಂದ ತಯಾರಕರು ಹೇಳಿದ ಅಳತೆಗೆ ಬಿಗಿಗೊಳಿಸಲಾಯಿತು. ಈಗ 20 ಆಂಪಿಯರ್ ಹರಿಯುವಾಗ ಇನ್ವರ್ಟರ್‌ಗೂ ಮೀಟರ್‌ಗೂ ಇರುವ ವ್ಯತ್ಯಾಸ ಎರಡು ವೋಲ್ಟ್ ಮಾತ್ರ.

ಉಳಿದ ಸಮಸ್ಯೆ ಬೀದಿಯದು

ಸಾಧಾರಣ ದಿನಗಳಲ್ಲಿ ಇನ್ವರ್ಟರ್ ನಿಲ್ಲುವುದು ತಪ್ಪಿತು. ಆದರೆ ತಂಪಾದ ಗಾಳಿ, ಪ್ರಖರ ಬಿಸಿಲು ಎರಡೂ ಕೂಡಿದ ದಿನಗಳಲ್ಲಿ, ಸುತ್ತಲಿನ ಸೌರಫಲಕಗಳೆಲ್ಲ ಒಟ್ಟಿಗೆ ವಿದ್ಯುತ್ ಹೊರಹಾಕುವಾಗ, ಮೀಟರ್ ಬಳಿಯೇ 252 ಕಾಣಿಸುತ್ತಿತ್ತು. ಟ್ರಾನ್ಸ್‌ಫಾರ್ಮರ್‌ನಿಂದ ಮನೆಗಳ ಕಡೆಗೆ ಹರಿಯುವಾಗ ದಾರಿಯುದ್ದಕ್ಕೂ ವೋಲ್ಟೇಜ್ ಇಳಿಯುತ್ತದೆ ಎಂಬ ಎಣಿಕೆಯ ಮೇಲೆ ಕಟ್ಟಿದ ಲೈನು ಅದು. ಹರಿವು ತಿರುಗಿದಾಗ ಅದೇ ರೋಧವು ವೋಲ್ಟೇಜನ್ನು ಏರಿಸುತ್ತದೆ, ಮತ್ತು ಲೈನಿನ ಕೊನೆಯಲ್ಲಿರುವ ಮನೆ ಎಲ್ಲರಿಗಿಂತ ಮೊದಲು ಮಿತಿ ಮುಟ್ಟುತ್ತದೆ. ಇನ್ವರ್ಟರ್ ಆರಿಸಿ, ಹಚ್ಚಿ ಹೋಲಿಸಿದಾಗ, ನಮ್ಮ 20 ಆಂಪಿಯರ್ ಮೀಟರ್ ಬಳಿ ಏರಿಸುತ್ತಿದ್ದುದು 4 ವೋಲ್ಟ್ ಎಂದು ತಿಳಿಯಿತು.

ಮೇಲ್ಮಿತಿಯನ್ನೇ ಸಂರಚನೆಯಲ್ಲಿ ಎತ್ತಿಬಿಡಿ ಎಂಬ ಸಲಹೆ ಒಬ್ಬರಿಗಿಂತ ಹೆಚ್ಚು ಜನರಿಂದ ಬಂತು. ನಾನು ಅದನ್ನು ಮಾಡಲಿಲ್ಲ, ಯಾರೂ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಮಿತಿ ಇರುವುದು ಲೈನಿಗೆ ಜೋಡಿಸಿರುವ ಪ್ರತಿಯೊಂದು ಮನೆಯ ಉಪಕರಣಗಳನ್ನು ಕಾಯಲು. ವಿದ್ಯುತ್ ಸರಬರಾಜು ಸಂಸ್ಥೆಯ ಒಪ್ಪಿಗೆ ಪಡೆದು ನಾವು ಬದಲಿಸಿದ್ದು ಬೇರೆ ಎರಡು ವಿಷಯಗಳನ್ನು. ಮೊದಲನೆಯದು, ವೋಲ್ಟೇಜ್ ಏರಿದಂತೆ ಇನ್ವರ್ಟರ್ ಒಮ್ಮೆಲೇ ನಿಲ್ಲುವ ಬದಲು ತನ್ನ ಉತ್ಪಾದನೆಯನ್ನು ಹಂತಹಂತವಾಗಿ ತಗ್ಗಿಸುವ ವ್ಯವಸ್ಥೆ. ಎರಡನೆಯದು, ಸ್ವಲ್ಪ ಪ್ರತಿಘಾತ ಶಕ್ತಿಯನ್ನು (ಕೆಲಸ ಮಾಡದೆ ಲೈನಿನಲ್ಲಿ ಹಿಂದೆಮುಂದೆ ಹರಿಯುವ ಶಕ್ತಿ) ಹೀರಿಕೊಂಡು ವೋಲ್ಟೇಜನ್ನು ಕೆಳಗೆಳೆಯುವ ವ್ಯವಸ್ಥೆ. ಎರಡನೆಯದಕ್ಕೂ ಬೆಲೆ ಇದೆ: 5 ಕೆವಿಎ ಸಾಮರ್ಥ್ಯದ ಇನ್ವರ್ಟರ್ 0.9 (ಒಟ್ಟು ಸಾಮರ್ಥ್ಯದಲ್ಲಿ ನಿಜವಾದ ಕೆಲಸಕ್ಕೆ ಬರುವ ಪಾಲು) ಪವರ್ ಫ್ಯಾಕ್ಟರ್‌ನಲ್ಲಿ ಕೆಲಸ ಮಾಡಿದರೆ ನಿಜವಾದ ಉತ್ಪಾದನೆ 4.5 ಕಿಲೋವಾಟಿಗೆ ನಿಲ್ಲುತ್ತದೆ. ಮನೆಗಳ ಮಟ್ಟದ ತೆಳುವಾದ ಕೇಬಲ್‌ಗಳಲ್ಲಿ ಪ್ರತಿಘಾತಕ್ಕಿಂತ ರೋಧದ ಪಾಲೇ ಹೆಚ್ಚಿರುವುದರಿಂದ ಇದರ ಪರಿಣಾಮವೂ ಸಣ್ಣದು. ಉತ್ಪಾದಿಸಿದ್ದನ್ನು ಉತ್ಪಾದಿಸಿದ ಹೊತ್ತಿನಲ್ಲೇ ಮನೆಯೊಳಗೆ ಬಳಸುವುದಕ್ಕೆ ಸಮನಾದ ಪರಿಹಾರ ಮತ್ತೊಂದಿಲ್ಲ.

ಗೀಸರ್ ಎಂಬ ದೊಡ್ಡ ಪಾತ್ರೆ

ಮನೆಯಲ್ಲಿ 120 ಲೀಟರ್ ನೀರಿನ, 2 ಕಿಲೋವಾಟ್ ಗೀಸರ್ ಇದೆ. ಆ ನೀರನ್ನು 25ರಿಂದ 65 ಡಿಗ್ರಿಗೆ ಏರಿಸಲು ಸುಮಾರು 5.6 ಯೂನಿಟ್ ಬೇಕು, ಅಂದರೆ ಪೂರ್ಣ ಶಕ್ತಿಯಲ್ಲಿ ಎರಡೂ ಮುಕ್ಕಾಲು ಗಂಟೆ. ಚೆನ್ನಾಗಿ ಹೊದಿಕೆ ಹಾಕಿದ ಟ್ಯಾಂಕ್ ಆ ಶಾಖವನ್ನು ರಾತ್ರಿಯವರೆಗೆ ಉಳಿಸಿಕೊಳ್ಳುತ್ತದೆ. ಯಾವಾಗ ಕಾಯಿಸಿದರೂ ಬಳಸುವವರಿಗೆ ವ್ಯತ್ಯಾಸ ಗೊತ್ತಾಗದ ಇಂಥ ಹೊರೆ ಮನೆಯಲ್ಲಿ ಬೇರೆ ಇಲ್ಲ. ಆದ್ದರಿಂದ ನಿಯಂತ್ರಕದ ಕೆಲಸವನ್ನು ಅಲ್ಲಿಂದಲೇ ಆರಂಭಿಸಿದೆ.

ಮೀಟರ್‌ನ ಮುಂದಿನ ಫೇಸ್ ತಂತಿಗೆ 100 ಆಂಪಿಯರಿಗೆ 50 ಮಿಲಿಆಂಪಿಯರ್ ಕೊಡುವ ಕ್ಲ್ಯಾಂಪ್ ಮಾದರಿಯ ಸಿಟಿ (ಪ್ರವಾಹ ಅಳೆಯುವ ಟ್ರಾನ್ಸ್‌ಫಾರ್ಮರ್), ಅದರ ತುದಿಗಳಿಗೆ 22 ಓಮ್ ರೋಧಕ, ವೋಲ್ಟೇಜಿನ ಮಾದರಿಗಾಗಿ 9 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್, ಇವೆರಡನ್ನೂ ಓದಲು 3.3 ವೋಲ್ಟಿನ ಮೈಕ್ರೊಕಂಟ್ರೋಲರ್ ಬಳಸಿದೆ. ಈ ಅಳತೆಯಲ್ಲಿ 100 ಆಂಪಿಯರಿಗೂ ತರಂಗದ ತುದಿ 1.56 ವೋಲ್ಟ್ ಆಗುವುದರಿಂದ ನಡುಬಿಂದುವಿನ ಆಚೀಚೆ ಅದು ಹಿಡಿಸುತ್ತದೆ. ಸಿಟಿ ಒಂದರಿಂದಲೇ ವಿದ್ಯುತ್ ಒಳಬರುತ್ತಿದೆಯೇ ಹೊರಹೋಗುತ್ತಿದೆಯೇ ಎಂದು ತಿಳಿಯುವುದಿಲ್ಲ. ಪ್ರವಾಹ ಮತ್ತು ವೋಲ್ಟೇಜ್‌ಗಳ ಕ್ಷಣಕ್ಷಣದ ಗುಣಲಬ್ಧದ ಸರಾಸರಿಯೇ ದಿಕ್ಕನ್ನು ಹೇಳಬೇಕು. ನಾನು ಸಿಟಿಯನ್ನು ಮೊದಲ ಸಲ ಹಿಂದುಮುಂದಾಗಿ ಹಾಕಿದ್ದರಿಂದ, ಸೂರ್ಯ ಮುಳುಗಿದ ಮೇಲೆ ಗೀಸರ್ ಚಾಲೂ ಆಗಿ ರಾತ್ರಿಯೆಲ್ಲ ಗ್ರಿಡ್‌ನಿಂದ ಎಳೆಯಿತು. ಇದನ್ನು ತಪ್ಪಿಸುವ ಪರೀಕ್ಷೆ ಸುಲಭ: ರಾತ್ರಿ ಹೊತ್ತು ಇಸ್ತ್ರಿಪೆಟ್ಟಿಗೆಯಂಥ ಶುದ್ಧ ರೋಧದ ಉಪಕರಣವೊಂದನ್ನು ಹಚ್ಚಬೇಕು. ಅಂಕಿ ‘ಒಳಬರುವ’ ಕಡೆಗೆ ಏರಬೇಕು, ಪವರ್ ಫ್ಯಾಕ್ಟರ್ ಒಂದಕ್ಕೆ ಹತ್ತಿರ ಬರಬೇಕು. ಬಾರದಿದ್ದರೆ ಎರಡು ಟ್ರಾನ್ಸ್‌ಫಾರ್ಮರ್‌ಗಳ ನಡುವಿನ ಫೇಸ್ ವ್ಯತ್ಯಾಸವನ್ನು ಪ್ರೋಗ್ರಾಂನಲ್ಲಿ ಸರಿಪಡಿಸಬೇಕು. ಸಿಟಿ ತಂತಿಯ ಮೇಲಿರುವಾಗ ಅದರ ದ್ವಿತೀಯಕ ತುದಿಗಳನ್ನು ಎಂದೂ ತೆರೆದಿಡಬಾರದು, ಅಪಾಯಕಾರಿ ವೋಲ್ಟೇಜ್ ಹುಟ್ಟುತ್ತದೆ.

ಗೀಸರ್ ಹಚ್ಚಲು ಮೊದಲು ಆರಿಸಿಕೊಂಡದ್ದು ಸಾಲಿಡ್ ಸ್ಟೇಟ್ ರಿಲೇ, ಅಂದರೆ ಚಲಿಸುವ ಭಾಗಗಳಿಲ್ಲದ ವಿದ್ಯುನ್ಮಾನ ಸ್ವಿಚ್. ಹೊರಹೋಗುವ ವಿದ್ಯುತ್ ಸೊನ್ನೆಗೆ ಬರುವಷ್ಟೇ ಸಮಯ, ಸೆಕೆಂಡಿಗೆ ಹಲವು ಬಾರಿ, ಹೀಟರ್ ಹಚ್ಚಿ ಆರಿಸುವ ವಿಧಾನ. ಲೆಕ್ಕ ಸೊಗಸಾಗಿತ್ತು, ಫಲಿತಾಂಶ ಕೆಟ್ಟದಾಗಿತ್ತು. 2 ಕಿಲೋವಾಟ್ ಒಮ್ಮೆಲೇ ಬಂದು ಹೋಗುವಾಗ ಮನೆಯೊಳಗಿನ ವೋಲ್ಟೇಜ್ ಎರಡು ವೋಲ್ಟ್‌ನಷ್ಟು ತೂಗಾಡಿ ದೀಪಗಳು ಮಿಣುಗತೊಡಗಿದವು. ಸೆಕೆಂಡಿಗೆ ಎಂಟೊಂಬತ್ತು ಬಾರಿಯ ಮಿಣುಗಿಗೆ ಮನುಷ್ಯನ ಕಣ್ಣು ಅತ್ಯಂತ ಸೂಕ್ಷ್ಮ. ಮಿಣುಗು ತಪ್ಪಿಸಲು ತರಂಗದ ನಡುವೆ ಕತ್ತರಿಸುವ ಫೇಸ್ ನಿಯಂತ್ರಣಕ್ಕೆ ಹೋದರೆ ತರಂಗದ ಆಕಾರ ಕೆಡಿಸುವ ಹಾರ್ಮೋನಿಕ್ಸ್ ಲೈನಿಗೆ ಸೇರುತ್ತವೆ. ಎರಡೂ ಅಕ್ಕಪಕ್ಕದವರಿಗೆ ತಲುಪುವ ತೊಂದರೆಗಳೇ. ಮೂರನೆಯ ವಾರ ರಿಲೇಯೇ ಕೆಟ್ಟಿತು. ಸುಮಾರು 9 ಆಂಪಿಯರ್ ಹರಿಯುವಾಗ ಅದರೊಳಗೆ ಹತ್ತು ವಾಟ್ ಶಾಖ ಹುಟ್ಟುತ್ತದೆ, ನಾನು ಅದನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಣ್ಣ ಹೀಟ್ ಸಿಂಕ್ ಜೊತೆ ಕೂರಿಸಿದ್ದೆ. ಸಾಲಿಡ್ ಸ್ಟೇಟ್ ರಿಲೇ ಕೆಡುವಾಗ ಸಾಮಾನ್ಯವಾಗಿ ಹಚ್ಚಿದ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತದೆ. ಅಂದು ನೀರು ಕುದಿಯದೆ ಉಳಿದದ್ದು ಗೀಸರ್‌ನ ಸ್ವಂತ ಥರ್ಮೋಸ್ಟಾಟ್ ಸರಣಿಯಲ್ಲಿ ಇದ್ದದ್ದರಿಂದ. ಅದನ್ನೂ ಅದರ ಹಿಂದಿನ ಥರ್ಮಲ್ ಕಟೌಟ್ ಅನ್ನೂ ಯಾವ ಕಾರಣಕ್ಕೂ ಬೈಪಾಸ್ ಮಾಡಬಾರದು.

ಆಗ ಗುರಿಯನ್ನೇ ಮರುಚಿಂತಿಸಿದೆ. ಹೊರಹೋಗುವ ವಿದ್ಯುತ್ತನ್ನು ನಿಖರವಾಗಿ ಸೊನ್ನೆಗೆ ತರಬೇಕೆಂದು ಗ್ರಿಡ್ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ನಿಧಾನವಾದ, ಊಹಿಸಬಹುದಾದ ವರ್ತನೆ. ಹೀಟರ್ ಅನ್ನು ತಲಾ 660 ವಾಟ್‌ನ ಮೂರು ಎಲಿಮೆಂಟ್ ಇರುವ ಮಾದರಿಗೆ ಬದಲಿಸಿ, ಒಂದೊಂದಕ್ಕೂ ಒಂದು ಸಾಧಾರಣ ರಿಲೇ ಕೊಟ್ಟು, ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕನಿಷ್ಠ 60 ಸೆಕೆಂಡ್ ಕಾಯುವಂತೆ ಮಾಡಿದೆ. ಹೆಚ್ಚುವರಿ 800 ವಾಟ್ ದಾಟಿದರೆ ಒಂದು ಎಲಿಮೆಂಟ್ ಸೇರುತ್ತದೆ, ಹೊರಗಿನಿಂದ 100 ವಾಟಿಗಿಂತ ಹೆಚ್ಚು ಒಳಬರತೊಡಗಿದರೆ ಒಂದು ಬಿಡುತ್ತದೆ. ಒಂದಿಷ್ಟು ವಿದ್ಯುತ್ ಹೊರಗೆ ಹೋಗುತ್ತಲೇ ಇರುತ್ತದೆ, ಹೋಗಲಿ. ದೀಪಗಳು ಈಗ ಅಲುಗುವುದಿಲ್ಲ. ಮೂರೂ ಎಲಿಮೆಂಟ್ ಹಚ್ಚಿದಾಗ ಮೀಟರ್ ಬಳಿ ವೋಲ್ಟೇಜ್ 1.7ರಷ್ಟು ಇಳಿಯುತ್ತದೆ, ಬಿಸಿಲಿನ ದಿನಗಳಲ್ಲಿ ಮಿತಿಯೊಳಗೆ ಉಳಿಯಲು ಬಹುತೇಕ ಅಷ್ಟೇ ಸಾಕಾಗುತ್ತದೆ. ಮೋಡ ಕವಿದ ದಿನ ಸಂಜೆಯೊಳಗೆ ನೀರು 60 ಡಿಗ್ರಿ ಮುಟ್ಟದಿದ್ದರೆ, ನಿಂತ ಬಿಸಿನೀರಿನಲ್ಲಿ ಲಿಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲೆಂದು, ಸಂಜೆಯ ಬೇಡಿಕೆ ಇಳಿದ ಮೇಲೆ ತಡರಾತ್ರಿ ಕಾಯಿಸಲಾಗುತ್ತದೆ.

ಆವರ್ತನವನ್ನು ಕೇಳಿಸಿಕೊಳ್ಳುವುದು

ವೋಲ್ಟೇಜ್ ಬೀದಿಯ ಸುದ್ದಿ ಹೇಳಿದರೆ ಆವರ್ತನ, ಅಂದರೆ ವಿದ್ಯುತ್ ತರಂಗ ಸೆಕೆಂಡಿಗೆ ಎಷ್ಟು ಬಾರಿ ಮರುಕಳಿಸುತ್ತದೆ ಎಂಬ ಅಂಕಿ, ಇಡೀ ಜಾಲದ ಸುದ್ದಿ ಹೇಳುತ್ತದೆ. ಬೇಡಿಕೆ ಉತ್ಪಾದನೆಯನ್ನು ಮೀರಿದ ಕ್ಷಣ ಆ ಕೊರತೆಯನ್ನು ತುಂಬುವುದು ದೊಡ್ಡ ಜನರೇಟರ್‌ಗಳ ತಿರುಗುವ ಚಲನಶಕ್ತಿ. ಅವು ಸ್ವಲ್ಪ ನಿಧಾನವಾಗುತ್ತವೆ, 50 ಹರ್ಟ್ಜ್ ಕೆಳಗಿಳಿಯುತ್ತದೆ. ಸೌರಫಲಕದಲ್ಲಿ ತಿರುಗುವ ಭಾರವಿಲ್ಲ, ಆದ್ದರಿಂದ ಸೌರವಿದ್ಯುತ್ತಿನ ಪಾಲು ಹೆಚ್ಚಿದಂತೆ ಈ ಇಳಿತ ವೇಗವಾಗುತ್ತದೆ. ಮನೆಯ ಯಾವ ಸಾಕೆಟ್‌ನಲ್ಲಾದರೂ ಇದನ್ನು ಅಳೆಯಬಹುದು ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. ಇಂಟರ್ನೆಟ್ ಬೇಡ, ಯಾರ ಆಜ್ಞೆಯೂ ಬೇಡ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಫ್ರೆಡ್ ಶ್ವೆಪ್ 1980ರ ಸುಮಾರಿಗೇ, ಆವರ್ತನ ನೋಡಿ ತಾನಾಗಿ ಹಿಂದೆ ಸರಿಯುವ ಗೃಹೋಪಕರಣಗಳನ್ನು ಪ್ರತಿಪಾದಿಸಿದ್ದರು. 2006–07ರಲ್ಲಿ ಅಮೆರಿಕದ ವಾಯವ್ಯ ಭಾಗದಲ್ಲಿ ಪೆಸಿಫಿಕ್ ನಾರ್ತ್‌ವೆಸ್ಟ್ ನ್ಯಾಷನಲ್ ಲ್ಯಾಬೊರೇಟರಿ 150 ಬಟ್ಟೆ ಒಣಗಿಸುವ ಯಂತ್ರಗಳಲ್ಲೂ 50 ವಾಟರ್ ಹೀಟರ್‌ಗಳಲ್ಲೂ ಇಂಥ ನಿಯಂತ್ರಕ ಅಳವಡಿಸಿ ಪರೀಕ್ಷಿಸಿತು.

ವೋಲ್ಟೇಜಿಗಾಗಿ ಹಾಕಿದ್ದ 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇಲ್ಲೂ ಉಪಯೋಗಕ್ಕೆ ಬಂತು. ತರಂಗ ಒಂದೇ ದಿಕ್ಕಿನಲ್ಲಿ ಸೊನ್ನೆಯನ್ನು ದಾಟುವ ಕ್ಷಣಗಳ ನಡುವಿನ ಅವಧಿ ಅಳೆದರೆ ಸಾಕು. 50 ಹರ್ಟ್ಜ್‌ಗೆ ಅದು 20 ಮಿಲಿಸೆಕೆಂಡ್, 0.01 ಹರ್ಟ್ಜ್ ಬದಲಾದರೆ ವ್ಯತ್ಯಾಸ ಕೇವಲ 4 ಮೈಕ್ರೊಸೆಕೆಂಡ್. ಸಾಧಾರಣ ಸ್ಫಟಿಕ ಗಡಿಯಾರದ ಹತ್ತು ಲಕ್ಷಕ್ಕೆ 20ರ ದೋಷ ಇಲ್ಲಿ 0.001 ಹರ್ಟ್ಜ್ ಮಾತ್ರ, ಹಾಗಾಗಿ ಗಡಿಯಾರ ಸಮಸ್ಯೆಯಲ್ಲ. ಸಮಸ್ಯೆ ಗದ್ದಲದ್ದು. ಮೊದಲ ದಿನದ ಅಂಕಿಗಳು 0.05 ಹರ್ಟ್ಜ್‌ನಷ್ಟು ಅಲುಗಾಡುತ್ತಿದ್ದವು. ಆರ್‌ಸಿ ಫಿಲ್ಟರ್ ಹಾಕಿ, ಅದರ ಮುಂದೆ ಸಣ್ಣ ಅಲುಗಾಟಗಳನ್ನು ಕಡೆಗಣಿಸುವ ಶ್ಮಿಟ್ ಟ್ರಿಗರ್ ಎಂಬ ಸರ್ಕ್ಯೂಟ್ ಇಟ್ಟು, ಐವತ್ತು ಆವರ್ತಗಳ ಸರಾಸರಿ ತೆಗೆದ ಮೇಲೆ ಇನ್ವರ್ಟರ್ ಪರದೆಯ ಅಂಕಿಗೂ ನನ್ನದಕ್ಕೂ 0.01 ಹರ್ಟ್ಜ್‌ಗಿಂತ ಹೆಚ್ಚು ಅಂತರ ಉಳಿಯಲಿಲ್ಲ.

ಯಾವ ಅಂಕಿಗೆ ಹೊರೆ ಬಿಡಬೇಕೆಂದು ನಿರ್ಧರಿಸುವ ಮುನ್ನ ಎರಡು ವಾರ ಬರೀ ದಾಖಲಿಸಿದೆ. ಪ್ರತಿಯೊಂದು ಜಾಲಕ್ಕೂ ತನ್ನದೇ ಆದ ಸಾಮಾನ್ಯ ಏರಿಳಿತ ಇರುತ್ತದೆ. ಒಂದರ ಅಂಕಿಯನ್ನು ಇನ್ನೊಂದರಲ್ಲಿ ಹಾಕಿದರೆ ರಿಲೇ ದಿನವಿಡೀ ಟಿಕಟಿಕ ಎನ್ನುತ್ತದೆ, ಇಲ್ಲವೇ ಎಂದೂ ಅಲುಗುವುದಿಲ್ಲ. ನನ್ನ ದಾಖಲೆಯ ಪ್ರಕಾರ 49.90ರ ಕೆಳಗೆ ಇಳಿಯುವುದು ಅಪರೂಪವಾಗಿದ್ದರಿಂದ ಮೂರು ಎಲಿಮೆಂಟ್‌ಗಳಿಗೆ 49.80 ಮತ್ತು 49.90ರ ನಡುವೆ ಮೂರು ಬೇರೆ ಬೇರೆ ಮಿತಿಗಳನ್ನು ಕೊಟ್ಟೆ. ಆ ಮಿತಿಗಳನ್ನು ನಿಯಂತ್ರಕ ಪ್ರತಿದಿನ ಯಾದೃಚ್ಛಿಕವಾಗಿ ಹೊಸದಾಗಿ ಆರಿಸಿಕೊಳ್ಳುತ್ತದೆ. ಆವರ್ತನ 49.95 ದಾಟಿ ಸ್ಥಿರವಾದ ಮೇಲೂ ಎರಡರಿಂದ ಹತ್ತು ನಿಮಿಷಗಳ ನಡುವೆ, ಚೀಟಿ ಎತ್ತಿದ ಹಾಗೆ ಆರಿಸಿದ ಒಂದು ಅವಧಿ ಕಾದು, ಒಂದೊಂದಾಗಿ ಮರಳುತ್ತದೆ.

ಈ ಯಾದೃಚ್ಛಿಕತೆಯನ್ನು ಅಲಂಕಾರ ಎಂದು ತಿಳಿಯಬಾರದು. ಜರ್ಮನಿಯಲ್ಲಿ ಹಳೆಯ ನಿಯಮದಂತೆ ಸೌರ ಇನ್ವರ್ಟರ್‌ಗಳೆಲ್ಲ ಆವರ್ತನ 50.2 ಹರ್ಟ್ಜ್ ಮುಟ್ಟಿದ ಕೂಡಲೇ ಬೇರ್ಪಡಬೇಕಿತ್ತು. ಕೆಲವೇ ಮನೆಗಳಲ್ಲಿ ಇದ್ದಾಗ ಅದು ಸುರಕ್ಷತೆಯ ಕ್ರಮವಾಗಿತ್ತು. ಲಕ್ಷಾಂತರ ಮನೆಗಳಲ್ಲಿ ಆದಾಗ, ಒಂದೇ ಕ್ಷಣದಲ್ಲಿ ಸಾವಿರಾರು ಮೆಗಾವಾಟ್ ಮಾಯವಾಗುವ ಅಪಾಯವಾಯಿತು. ಯೂರೋಪ್ ಖಂಡದ ಜಾಲ ತಕ್ಷಣದ ಪ್ರತಿಕ್ರಿಯೆಗೆಂದು ಇಟ್ಟುಕೊಳ್ಳುವ ಮೀಸಲು 3,000 ಮೆಗಾವಾಟ್. ಕೊನೆಗೆ 2012ರ ಆದೇಶದಂತೆ ಹಳೆಯ ಇನ್ವರ್ಟರ್‌ಗಳನ್ನು ಮಾರ್ಪಡಿಸಬೇಕಾಯಿತು. ಬ್ರಿಟನ್ನಿನ 2021ರ ನಿಯಮಗಳು ಮನೆಗಳ ವಿದ್ಯುತ್ ವಾಹನ ಚಾರ್ಜರ್‌ಗಳಿಗೆ ಹತ್ತು ನಿಮಿಷದವರೆಗಿನ ಯಾದೃಚ್ಛಿಕ ವಿಳಂಬವನ್ನು ಕಡ್ಡಾಯಗೊಳಿಸಿರುವುದೂ ಇದೇ ಕಾರಣಕ್ಕೆ. ಒಂದು ಮನೆಯಲ್ಲಿ ಜಾಣತನವಾದದ್ದು ಹತ್ತು ಸಾವಿರ ಮನೆಗಳಲ್ಲಿ ಒಂದೇ ಸೆಕೆಂಡಿನಲ್ಲಿ ನಡೆದರೆ ಜಾಲಕ್ಕೆ ಹೊಡೆತವಾಗುತ್ತದೆ. ನನ್ನ ಪ್ರೋಗ್ರಾಂ ಅನ್ನು ಯಾರಾದರೂ ನಕಲು ಮಾಡಿಕೊಂಡರೆ ಬೇರೆಲ್ಲವನ್ನೂ ಬಿಟ್ಟರೂ ಈ ಯಾದೃಚ್ಛಿಕತೆಯನ್ನು ತರುವ ನಾಲ್ಕು ಸಾಲುಗಳನ್ನು ಬಿಡಬಾರದೆಂದು ಕೇಳಿಕೊಳ್ಳುತ್ತೇನೆ.

ಫ್ರಿಜ್ಜನ್ನು ಈ ವ್ಯವಸ್ಥೆಗೆ ಸೇರಿಸಲಿಲ್ಲ. ಅದರ ಕಂಪ್ರೆಸರ್ ನಿಂತ ಮೇಲೆ ಕೆಲವು ನಿಮಿಷ ವಿಶ್ರಾಂತಿ ಪಡೆಯದೆ ಮತ್ತೆ ಹೊರಡಬಾರದು, ಹೊರಗಿನಿಂದ ವಿದ್ಯುತ್ ಕಡಿದು ಕೊಡುವುದು ಅದಕ್ಕೆ ಒಳ್ಳೆಯದಲ್ಲ. ಬಟ್ಟೆ ಒಗೆಯುವ ಯಂತ್ರವನ್ನು ಆರಂಭದ ಸಮಯ ಮುಂದೂಡಿ ನಡುಹಗಲಿಗೆ ತಂದದ್ದಷ್ಟೇ.

ಬ್ಯಾಟರಿ ತುಂಬುವ ಹೊತ್ತು

5 ಯೂನಿಟ್‌ನ ಬ್ಯಾಟರಿ ಬೆಳಗಿನ ಮೊದಲ ಬಿಸಿಲಿನಿಂದಲೇ ತುಂಬಿಕೊಂಡು ಹನ್ನೊಂದರ ಒಳಗೆ ಭರ್ತಿಯಾಗುತ್ತಿತ್ತು. ಲೈನಿಗೆ ನೆರವು ಅತ್ಯಗತ್ಯವಾದ ಹನ್ನೆರಡೂವರೆಗೆ ಅದರಲ್ಲಿ ಜಾಗವೇ ಇರುತ್ತಿರಲಿಲ್ಲ. ಈಗ ಬೆಳಿಗ್ಗೆ 10:30ರಿಂದ ಮಧ್ಯಾಹ್ನ 2:30ರವರೆಗೆ 1.2 ಕಿಲೋವಾಟಿನ ಮಿತಿಯಲ್ಲಿ ತುಂಬುವಂತೆ ಹೊಂದಿಸಿದ್ದೇನೆ. ಮೋಡದ ಮುನ್ಸೂಚನೆ ಇದ್ದ ದಿನ ಮಾತ್ರ ಬೇಗ ಆರಂಭಿಸುತ್ತದೆ. ಒಂದು ಪೈಸೆಯ ಸಾಮಗ್ರಿ ಬೇಡದ ಈ ಬದಲಾವಣೆ ನಡುಹಗಲಿನ ಹೊರಹರಿವಿನ ಶಿಖರವನ್ನು ಕಾಲು ಭಾಗದಷ್ಟು ತಗ್ಗಿಸಿತು. ಇದನ್ನು ಎಲ್ಲಕ್ಕಿಂತ ಮೊದಲೇ ಮಾಡಬೇಕಿತ್ತು.

ಇನ್ವರ್ಟರ್ ಜೊತೆಗಿನ ಮಾತು ಆರ್‌ಎಸ್ 485 ತಂತಿಯ ಮೇಲೆ ಮಾಡ್‌ಬಸ್ ಎಂಬ ಸಂವಹನ ಕ್ರಮದ ಮೂಲಕ ನಡೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಅನೇಕ ಇನ್ವರ್ಟರ್‌ಗಳಲ್ಲಿ ಸಂರಚನೆಯ ರಿಜಿಸ್ಟರ್‌ಗಳು ಬರೆದಷ್ಟೂ ಸವೆಯುವ ಸ್ಮೃತಿಯಲ್ಲಿರುತ್ತವೆ. ಅಂಥ ಸ್ಮೃತಿಯ ಬಾಳಿಕೆ ಒಂದು ಲಕ್ಷ ಬರವಣಿಗೆ ಎಂದಿಟ್ಟುಕೊಂಡರೆ, ಐದು ಸೆಕೆಂಡಿಗೊಮ್ಮೆ ಬರೆಯುವ ಪ್ರೋಗ್ರಾಂ ಅದನ್ನು ಆರು ದಿನಗಳೊಳಗೆ ಮುಗಿಸುತ್ತದೆ. ಓದುವುದು ಎಷ್ಟು ಬಾರಿಯಾದರೂ ಇರಲಿ, ನನ್ನ ನಿಯಂತ್ರಕ ಬರೆಯುವುದು ದಿನಕ್ಕೆ ಎರಡೇ ಬಾರಿ.

ನಿರ್ಧಾರಗಳೆಲ್ಲ ಮನೆಯ ಪೆಟ್ಟಿಗೆಯೊಳಗೇ ಆಗುತ್ತವೆ; ವೈಫೈ ಹೋದರೆ ದಾಖಲೆ ಮಾತ್ರ ನಿಲ್ಲುತ್ತದೆ. ಮೈಕ್ರೊಕಂಟ್ರೋಲರ್ ಸ್ತಬ್ಧವಾದರೆ ವಾಚ್‌ಡಾಗ್ ಎಂಬ ಕಾವಲು ಟೈಮರ್ ಅದನ್ನು ಮರುಚಾಲನೆ ಮಾಡುತ್ತದೆ, ಪೂರ್ತಿ ಕೆಟ್ಟರೆ ರಿಲೇಗಳು ತೆರೆದುಕೊಂಡು ಹೀಟರ್ ಆರುತ್ತದೆ, ಮತ್ತು ಗೋಡೆಯ ಮೇಲಿನ ಬದಲಿ ಸ್ವಿಚ್‌ನಿಂದ ಮನೆಯವರು ಯಾರನ್ನೂ ಕೇಳದೆ ನೀರು ಕಾಯಿಸಿಕೊಳ್ಳಬಹುದು.

ಹೊಸ ಐಸೊಲೇಟರ್‌ನ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇವೆ. ಅದರಲ್ಲಿ 20 ಆಂಪಿಯರಿನಲ್ಲಿ ಪ್ರತಿ ಜೋಡಣೆಯ ಮಿಲಿವೋಲ್ಟ್ ಮತ್ತು ಅಳೆದ ತಿಂಗಳು ಬರೆದಿದೆ. ನ್ಯೂಟ್ರಲ್ ಎದುರಿಗೆ ಮೊದಲ ಸಾಲಿನಲ್ಲಿ 22, ಆರು ತಿಂಗಳ ನಂತರದ ಸಾಲಿನಲ್ಲಿ 23 ಇದೆ.